ಬಳೆ ಸರಿದ ಗಡಿಯಾರ

ನದಿ ಕಡಲನ್ನು ಸೇರುವ ಅಳಿವೆಯ ದಡದಲ್ಲಿ ಜಟ್ಟಪ್ಪನೆಂಬ ವೃದ್ಧ ಮುಳುಗುಗಾರನಿದ್ದ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನ ತಳದಲ್ಲಿ ಕೆಲಸ ಮಾಡುವ ವಿದ್ಯೆಯನ್ನು ಅವನು ಇಬ್ಬರಿಗೆ ಕಲಿಸಿದ. ಒಬ್ಬ ಮಾದೇವ, ಇನ್ನೊಬ್ಬ ವಾಮನ.

ಮೊದಲೆಲ್ಲ ಒಬ್ಬ ಮುಳುಗಿದಾಗ ದೋಣಿಯಲ್ಲಿದ್ದವನು ಊದುಬತ್ತಿ ಹಚ್ಚುತ್ತಿದ್ದ. ಬತ್ತಿ ಉರಿದು ಮುಗಿದೊಡನೆ ಹಗ್ಗ ಜಗ್ಗಿ ಕರೆಯುತ್ತಿದ್ದ. ಆಮೇಲೆ ಮಣಿಕಟ್ಟಿಗೆ ಕಟ್ಟುವ ಗಾಜಿನ ಕೊಳವೆ ಬಂದಿತು. ಅದರೊಳಗೆ ನೀರು ಏರಿದ ಮಟ್ಟ ನೋಡಿ ಆಳವನ್ನು ತಿಳಿಯುತ್ತಿದ್ದರು. ಕಡೆಗೆ ನೀರು ಹೊಗದ ಕೈಗಡಿಯಾರ ಬಂದಿತು.

ಗಡಿಯಾರದ ಮುಖದ ಸುತ್ತ ತಿರುಗುವ ಒಂದು ಬಳೆ. ಬಳೆಯ ಮೇಲೊಂದು ಗುರುತು. ಇಳಿಯುವ ಮುನ್ನ ಗುರುತನ್ನು ನಿಮಿಷದ ಮುಳ್ಳಿಗೆ ಸರಿಹೊಂದಿಸಬೇಕು. ಮುಳ್ಳು ಗುರುತಿನಿಂದ ಎಷ್ಟು ದೂರ ಸಾಗಿದೆಯೋ ಅಷ್ಟು ಹೊತ್ತಿನ ಗಾಳಿ ಮುಗಿದಿದೆ ಎಂದರ್ಥ.

ಊದುಬತ್ತಿ ನಿಂತಿತು; ಹೊತ್ತು ನೋಡಿಕೊಳ್ಳುವುದು ಇಳಿದವನ ಕೆಲಸವೇ ಆಯಿತು. ಹಗ್ಗವನ್ನು ಮಾತ್ರ ಗುರು ಬಿಡಲಿಲ್ಲ. ಬಲಗೈ ಕೆಲಸಕ್ಕೆ ಬೇಕಾದ್ದರಿಂದ ಗಡಿಯಾರವೂ ಹಗ್ಗವೂ ಎಡ ಮಣಿಕಟ್ಟಿನಲ್ಲೇ ಇರುತ್ತಿದ್ದವು.

"ಒಂದೇ ಮನೆಯಲ್ಲಿ ಇಬ್ಬರು ಹೆಂಡಿರನ್ನು ಇರಿಸಿದ್ದೀರಿ, ಗುರುಗಳೇ. ಜಗಳವಾದೀತು," ಎಂದು ಮಾದೇವ ನಗುತ್ತಿದ್ದ.

"ಹಳೆಯವಳನ್ನು ಹೊರಗೆ ಕಳಿಸಲು ನನಗೆ ಮನಸ್ಸು ಬಾರದಪ್ಪ," ಎನ್ನುತ್ತಿದ್ದ ಗುರು.

ಇಳಿಯುವವನ ಬಳೆಯನ್ನು ದೋಣಿಯಲ್ಲಿ ಉಳಿಯುವವನೇ ತಿರುಗಿಸಬೇಕೆಂಬುದು ಅವರ ಪದ್ಧತಿ. ಒಂದು ದಿನ ಮಾದೇವ ಕೈ ಚಾಚಿದ. ವಾಮನ ಬಳೆ ತಿರುಗಿಸಿದ. ತಳದಲ್ಲಿ ಕಳೆದುಹೋದ ಲಂಗರನ್ನು ಹುಡುಕಲು ಮಾದೇವ ಇಳಿದ.

ಬಹಳ ಹೊತ್ತಿನ ಮೇಲೆ ಹಗ್ಗ ಅಲುಗಿತು. ವಾಮನ ಎಳೆದು ಮೇಲೆ ತರುವಷ್ಟರಲ್ಲಿ ಮಾದೇವನ ಉಸಿರು ನಿಂತಿತ್ತು.

ಅವನ ಕೈಯಲ್ಲಿ ಗಡಿಯಾರ ನಡೆಯುತ್ತಲೇ ಇತ್ತು. ಬಳೆಯ ಗುರುತು ಇರಬೇಕಾದ ಜಾಗದಿಂದ ಮುಂದೆ ಇತ್ತು. ಗಾಳಿ ಮುಗಿಯುತ್ತ ಬಂದಾಗಲೂ, ಇನ್ನೂ ಹೊತ್ತಿದೆ ಎಂದೇ ಅದು ಅವನಿಗೆ ತೋರಿಸಿತ್ತು.

ಉತ್ತರಕ್ರಿಯೆ ಮುಗಿದ ಮೇಲೆ ವಾಮನ ದಡದಲ್ಲಿದ್ದ ಗುರುವಿನ ಎದುರು ಬಂದು ಕುಳಿತ.

"ಮಾದೇವನ ತಾಯಿ ಬರಹೇಳಿದ್ದಾರೆ. ಹೇಗಾಯಿತೆಂದು ನನ್ನ ಬಾಯಿಂದಲೇ ಕೇಳಬೇಕಂತೆ."

"ಹೋಗು."

"ಏನೆಂದು ಹೇಳಲಿ? ಗುರುತನ್ನು ನಾನೇ ತಪ್ಪಾಗಿ ಇಟ್ಟೆನೋ, ಕೆಳಗೆ ಹಗ್ಗ ಉಜ್ಜಿ ಬಳೆ ಸರಿಯಿತೋ?"

"ನಿನಗೆ ನೆನಪಿಲ್ಲವೇ?"

"ತಿರುಗಿಸಿದ್ದು ನೆನಪಿದೆ. ಸರಿಯಾಗಿದೆಯೇ ಎಂದು ನೋಡಿದ್ದು ನೆನಪಿಲ್ಲ. ಅವನು ಏನೋ ಹೇಳಿ ನಗಿಸುತ್ತಿದ್ದ."

ಗುರು ಎದ್ದ. ಮಾದೇವನ ಗಡಿಯಾರವನ್ನು ಎಡಗೈಗೆ ಕಟ್ಟಿಕೊಂಡು, ಅದೇ ಹಗ್ಗವನ್ನು ಬಿಗಿದುಕೊಂಡು ಕೈ ಚಾಚಿದ.

"ತಿರುಗಿಸು."

ವಾಮನ ಗುರುತನ್ನು ಮುಳ್ಳಿಗೆ ಕೂಡಿಸಿ, ಮತ್ತೆ ಮತ್ತೆ ನೋಡಿದ.

ಗುರು ಎದೆಮಟ್ಟದ ನೀರಿಗೆ ನಡೆದು ಮುಳುಗಿದ. ದಡದಿಂದ ವಾಮನ ಹಗ್ಗ ಜಗ್ಗಿದ. ಗುರು ಎದ್ದು ಬಂದಾಗ ಬಳೆ ಸರಿದಿತ್ತು.

ವಾಮನ ಸರಿದ ಗುರುತನ್ನು ಬೆರಳಿನಿಂದ ಮುಟ್ಟಿ ನೋಡಿದ. "ಹಾಗಾದರೆ ನಾನಲ್ಲ."

"ಇನ್ನೊಮ್ಮೆ ತಿರುಗಿಸು," ಎಂದ ಗುರು.

ಈ ಸಲ ಬಳೆ ಕದಲಲಿಲ್ಲ. ಮತ್ತೊಮ್ಮೆ ಮುಳುಗಿದ. ಆಗಲೂ ಕದಲಲಿಲ್ಲ.

"ಇದರಿಂದ ಏನು ತಿಳಿಯಿತು, ಗುರುಗಳೇ?"

"ತಿಳಿಯುವುದಿಲ್ಲ ಎಂಬುದು ತಿಳಿಯಿತು."

ವಾಮನ ಗುರುವಿನ ಕೈಯಿಂದ ಗಡಿಯಾರವನ್ನು ಬಿಚ್ಚಿದ. "ಇದನ್ನು ಕಡಲಿಗೆ ಎಸೆದುಬಿಡುತ್ತೇನೆ."

"ಎಸೆ. ಕಡಲು ಅದಕ್ಕೆ ಬದಲಾಗಿ ಏನನ್ನೂ ಹಿಂದೆ ಕೊಡುವುದಿಲ್ಲ."

ವಾಮನ ಎತ್ತಿದ ಕೈಯನ್ನು ಇಳಿಸಿದ.

ಗುರು ಒದ್ದೆ ಹಗ್ಗವನ್ನು ಸುತ್ತುತ್ತ ಹೇಳಿದ: "ಈಚೆಗೆ ಬರುವ ಗಡಿಯಾರಗಳಲ್ಲಿ ಬಳೆ ಒಂದೇ ಕಡೆಗೆ ತಿರುಗುತ್ತದಂತೆ. ಏನಾದರೂ ತಗುಲಿ ಸರಿದರೂ ಕಳೆದ ಹೊತ್ತನ್ನು ಹೆಚ್ಚಾಗಿಯೇ ತೋರಿಸೀತು, ಕಡಿಮೆಯಾಗಿ ತೋರಿಸದು. ಇಳಿದವನು ಬೇಗ ಮೇಲೆ ಬರುತ್ತಾನೆ."

"ಮಾಡಿದವರಿಗೆ ಅದು ಹೇಗೆ ಹೊಳೆಯಿತು?"

"ಅವರೂ ಯಾರಿಗಾಗಿಯೋ ಕಾಯುತ್ತ ದಡದಲ್ಲಿ ಕುಳಿತಿರಬೇಕು."

ಇಳಿತದ ನೀರು ಇಬ್ಬರ ಕಾಲ ಬಳಿಯಿಂದ ಹಿಂದೆ ಸರಿಯಿತು.

"ಆ ತಾಯಿ ಬಾಗಿಲಲ್ಲೇ ಕುಳಿತಿರುತ್ತಾರೆ," ಎಂದ ವಾಮನ. "ತಿಳಿಯದು ಎಂದು ಹೇಳಲೇ?"

"ಮಗನನ್ನು ಕಳೆದುಕೊಂಡವಳು 'ತಿಳಿಯದು' ಎಂಬುದನ್ನು ಇಟ್ಟುಕೊಂಡು ಏನು ಮಾಡಿಯಾಳು?"

"ಹಾಗಾದರೆ ನನ್ನ ಕೈ ತಪ್ಪಿತೆಂದು ಹೇಳುತ್ತೇನೆ."

"ಬೇಡ. ಜಟ್ಟಪ್ಪ ಬಿಡದ ಹಗ್ಗ ಬಳೆಯನ್ನು ಸರಿಸಿತು ಎಂದು ಹೇಳು."

"ಅದು ನಿಜವೋ ಅಲ್ಲವೋ ನಿಮಗೂ ಗೊತ್ತಿಲ್ಲ. ನಾಳೆಯಿಂದ ಈ ದಡದಲ್ಲಿ ಯಾರೂ ನಿಮ್ಮ ಮುಖ ನೋಡುವುದಿಲ್ಲ, ಗುರುಗಳೇ."

ಗುರು ಹಗ್ಗವನ್ನು ಹೆಗಲಿಗೆ ಹಾಕಿಕೊಂಡ.

"ನೀನು ಹೊತ್ತರೆ ಈ ತಪ್ಪನ್ನು ಬಹಳ ವರ್ಷ ಹೊರಬೇಕು, ಮಗು. ನಾನು ಹೊರಬೇಕಾದದ್ದು ಸ್ವಲ್ಪವೇ ದಿನ."