ತೋಟಗಾರನ ಚಾಕು

“ಗುರುಗಳೇ, ಪ್ರೀತಿಯಿಂದ ಮಾಡಿದ್ದು ತಪ್ಪಾಗುವುದು ಹೇಗೆ?” ಎಂದು ಮಂದಾಕಿನಿ ಕೇಳಿದಳು.

ಅವಳು ಆಶ್ರಮಕ್ಕೆ ಬಂದು ಆರು ವರ್ಷವಾಗಿತ್ತು. ಆರು ವರ್ಷವೂ ಅವಳಿಗೆ ಅನ್ನ ಬಡಿಸಿದವಳು ಅಡುಗೆಯ ನೀಲವ್ವ. ಕಳೆದ ವಾರ ನೀಲವ್ವ ಮದುವೆಗೆಂದು ಪರವೂರಿಗೆ ಹೋಗಿದ್ದಳು. ಆ ಎರಡು ದಿನದಲ್ಲಿ ಮಂದಾಕಿನಿ ಅಡುಗೆಮನೆಯನ್ನು ಒಪ್ಪ ಮಾಡಿಟ್ಟಳು. ಒಲೆಯ ಬಲಕ್ಕಿದ್ದ ಡಬ್ಬಿಗಳನ್ನೆಲ್ಲ ತೊಳೆದು, ಎಡಕ್ಕೆ ಹೊಸ ಹಲಗೆಯ ಮೇಲೆ ಸಾಲಾಗಿ ಜೋಡಿಸಿ, ಒಂದೊಂದಕ್ಕೂ ಚೀಟಿ ಅಂಟಿಸಿದಳು. ನೀಲವ್ವ ಬಂದು ನೋಡಿದಳು. ಸಾಸಿವೆಗೆಂದು ಬಲಕ್ಕೆ ಕೈ ಚಾಚಿ ಬರಿಗೋಡೆ ತಡವಿದಳು. ಆಮೇಲೆ ನಾಲ್ಕು ದಿನವೂ ಮಂದಾಕಿನಿಯ ಜೊತೆ ಮಾತಾಡಲಿಲ್ಲ. ಈಗ ಬಟ್ಟೆಯ ಗಂಟು ಕಟ್ಟಿಟ್ಟು, ನಾಳೆ ಬೆಳಿಗ್ಗೆಯ ಬಸ್ಸಿಗೆ ತಮ್ಮನ ಮನೆಗೆ ಹೊರಡುವುದಾಗಿ ಎಲ್ಲರಿಗೂ ಹೇಳಿಬಿಟ್ಟಿದ್ದಳು.

“ಅವಳು ಹೋದರೆ ನನಗೆ ಇಲ್ಲಿ ಯಾರಿದ್ದಾರೆ?” ಎಂದಳು ಮಂದಾಕಿನಿ. “ನಾನು ಅವಳ ಒಳ್ಳೆಯದಕ್ಕೇ ಮಾಡಿದ್ದು.”

ಗುರುಗಳು ಓದುತ್ತಿದ್ದ ಪುಸ್ತಕವನ್ನು ಮುಚ್ಚಿಟ್ಟರು. “ಕೂತುಕೋ ತಾಯಿ,” ಎಂದು ಕತೆ ಶುರು ಮಾಡಿದರು.

ಒಂದು ಪೇಟೆಯಲ್ಲಿ ಒಬ್ಬ ಬಟ್ಟೆ ವ್ಯಾಪಾರಿಯಿದ್ದ. ಅವನಿಗೆ ಮಡಚುವ ಚಾಕುಗಳ ಹುಚ್ಚು. ಹೊಸದು ಬೇಡ, ಹಳೆಯದೇ ಆಗಬೇಕು. ಸಂತೆಯ ಗುಜರಿಯನ್ನೆಲ್ಲ ಕೆದಕುತ್ತಿದ್ದ. ಯಾರ ಮನೆಯ ಅಟ್ಟದಲ್ಲಿ ತುಕ್ಕು ಹಿಡಿದ ಚಾಕು ಬಿದ್ದಿದೆಯೆಂದು ಕೇಳಿದರೂ ಹೋಗಿ ಬೇಡಿ ತರುತ್ತಿದ್ದ. ಕೀಲಿಗೆ ಎಣ್ಣೆ ಬಿಟ್ಟು, ಅಲಗಿನ ತುಕ್ಕು ತೆಗೆದು, ಹಿತ್ತಾಳೆಯ ಹಿಡಿಯನ್ನು ಹುಣಸೆಹಣ್ಣಿನಲ್ಲಿ ಬೆಳಗಿ, ಸಾಣೆ ಹಿಡಿಯುತ್ತಿದ್ದ. ಕೊನೆಗೆ ಕಿವಿಯ ಹತ್ತಿರ ಹಿಡಿದು ಟಕ್ ಎಂದು ಮಡಚುತ್ತಿದ್ದ. ಆ ಸದ್ದು ಸರಿಯಾಗಿ ಬಂದ ದಿನ ಅವನಿಗೆ ಎರಡು ತುತ್ತು ಹೆಚ್ಚು ಸೇರುತ್ತಿತ್ತು.

ಪೆಟ್ಟಿಗೆಯಲ್ಲಿ ಅರವತ್ತು ಚಾಕುಗಳಾದವು. ದಿನಕ್ಕೊಂದನ್ನು ಜೇಬಿಗೆ ಹಾಕಿಕೊಂಡು ಅಂಗಡಿಗೆ ಹೊರಡುತ್ತಿದ್ದ.

“ಇವತ್ತು ಯಾರ ಸರದಿ ರೀ?” ಎಂದು ಹೆಂಡತಿ ಬಾಗಿಲಲ್ಲಿ ನಿಂತು ಕೇಳುವಳು. “ನನಗೂ ಒಂದು ಕೀಲು ಇದ್ದಿದ್ದರೆ ಎರಡು ತಿಂಗಳಿಗೊಮ್ಮೆಯಾದರೂ ಹೊರಗೆ ಕರೆದುಕೊಂಡು ಹೋಗುತ್ತಿದ್ದಿರಿ.”

ವ್ಯಾಪಾರಿಗೆ ಒಬ್ಬ ತೋಟಗಾರ ಗೆಳೆಯನಿದ್ದ. ಮಾವಿಗೆ ಕಸಿ ಕಟ್ಟುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಪ್ರತಿ ವರ್ಷ ಹಣ್ಣಿನ ಕಾಲಕ್ಕೆ ಒಂದು ಬುಟ್ಟಿ ಹೊತ್ತು ತರುತ್ತಿದ್ದ. ಊರ ಬಾವಿಯ ಪಕ್ಕದ ಹಳೆಯ ಮರದ ಹಣ್ಣು ಅದು. ಆ ರುಚಿಯ ಹಣ್ಣು ಬೇರೆಲ್ಲೂ ಇರಲಿಲ್ಲ. ಇಬ್ಬರೂ ಒಂದೇ ಪಂಕ್ತಿಯಲ್ಲಿ ಕೂತು ಊಟ ಮಾಡುವರು. ಹೀಗೆ ಇಪ್ಪತ್ತು ವರ್ಷ ಕಳೆದಿತ್ತು.

ಒಂದು ವರ್ಷ ತೋಟಗಾರ ಬರಿಗೈಯಲ್ಲಿ ಬಂದ. ಆ ಮರ ಗಾಳಿಗೆ ಉರುಳಿತ್ತು. ಅದರ ಹನ್ನೆರಡು ಕಡ್ಡಿಗಳನ್ನು ಕೊಯ್ದು ಒದ್ದೆ ಗೋಣಿಯಲ್ಲಿ ಸುತ್ತಿಟ್ಟು ಬಂದಿದ್ದ. ಕುಂಡದಲ್ಲಿ ಸಸಿಗಳು ಸಿದ್ಧವಾಗಿದ್ದವು. ಆ ಕಡ್ಡಿಗಳು ಸಸಿಗೆ ಹತ್ತಿದರೆ ಆ ಹಣ್ಣು ಉಳಿಯುತ್ತದೆ. ಹತ್ತದಿದ್ದರೆ ಅಲ್ಲಿಗೆ ಮುಗಿಯಿತು.

ಮಾತಿನ ನಡುವೆ ಅವನು ಕಸಿ ಚಾಕು ತೆಗೆದು ನೆಲದ ಮೇಲಿಟ್ಟ. ಚಾಕುವನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆಂದು ಇಬ್ಬರೂ ನಂಬಿದ್ದರು. ವ್ಯಾಪಾರಿ ಅದನ್ನು ಎತ್ತಿಕೊಂಡು ನೋಡಿದ. ಕೊಂಬಿನ ಹಿಡಿಗೆ ದಾರ ಸುತ್ತಿತ್ತು. ಅಲಗು ಕಪ್ಪಾಗಿತ್ತು. ಕೀಲು ಸಡಿಲವಾಗಿತ್ತು.

“ಇದನ್ನು ಮೂರು ದಿನ ನನ್ನ ಹತ್ತಿರ ಬಿಡು,” ಎಂದ.

“ಯಾಕೆ ಸಾಹುಕಾರಾ? ಕೊಯ್ಯುತ್ತದಲ್ಲ!”

“ಕೊಯ್ಯುತ್ತದೆ ಕಣಯ್ಯಾ. ಇಷ್ಟು ದೊಡ್ಡ ಕೆಲಸ ಇಂಥ ದರಿದ್ರ ಚಾಕುವಿನಲ್ಲಿ ಮಾಡುತ್ತೀಯಾ? ನನ್ನಂಥ ಗೆಳೆಯ ಇದ್ದೂ?”

ತೋಟಗಾರ ತಲೆ ಕೆರೆದುಕೊಂಡ. ಕಡ್ಡಿಗಳು ನಾಲ್ಕು ದಿನ ತಡೆಯುತ್ತವೆಂದು ಲೆಕ್ಕ ಹಾಕಿದ. ಗೆಳೆಯನ ಮುಖ ನೋಡಿ ಇಲ್ಲವೆನ್ನಲು ಆಗಲಿಲ್ಲ.

ವ್ಯಾಪಾರಿ ಮೂರು ದಿನ ಅಂಗಡಿಯ ಬಾಗಿಲು ತೆರೆಯಲಿಲ್ಲ. ಹಿಡಿಯ ಬಿರುಕು ಮುಚ್ಚಲು ದಾರ ಸುತ್ತಿದ್ದಾನೆ ಎಂದುಕೊಂಡು ಬಿಚ್ಚಿದ. ಬಿರುಕು ಇರಲಿಲ್ಲ. ಹಾಗಾದರೆ ದಾರ ಯಾಕೆ ಎಂದು ಅವನು ಯೋಚಿಸಲಿಲ್ಲ. ಕೊಂಬನ್ನು ಉಜ್ಜಿ ನುಣುಪು ಮಾಡಿದ. ಕೀಲನ್ನು ಬಿಗಿ ಮಾಡಿದ. ಆಮೇಲೆ ಅಲಗನ್ನು ನೋಡಿ ಬೆಚ್ಚಿದ.

ಕಸಿ ಚಾಕುವಿಗೆ ಒಂದೇ ಮಗ್ಗುಲಲ್ಲಿ ಸಾಣೆ ಹಿಡಿಯುತ್ತಾರೆ. ಇನ್ನೊಂದು ಮಗ್ಗುಲು ಮಟ್ಟವಾಗಿರಬೇಕು. ಆ ಮಟ್ಟದ ಮಗ್ಗುಲು ಕಡ್ಡಿಗೆ ಒರಗಿಕೊಂಡು ಹೋದರೆ ಮಾತ್ರ ಕೊಯ್ದದ್ದು ಸಮವಾಗಿ ಬರುತ್ತದೆ. ಇದು ವ್ಯಾಪಾರಿಗೆ ಗೊತ್ತಿತ್ತು. ಅವನ ಪೆಟ್ಟಿಗೆಯಲ್ಲೇ ನಾಲ್ಕು ಕಸಿ ಚಾಕುಗಳಿದ್ದವು. ನಾಲ್ಕಕ್ಕೂ ಸಾಣೆ ಬಲ ಮಗ್ಗುಲಲ್ಲಿತ್ತು. ಇದಕ್ಕೆ ಎಡ ಮಗ್ಗುಲಲ್ಲಿತ್ತು.

‘ಪಾಪ, ಇಷ್ಟು ವರ್ಷ ತಪ್ಪು ಮಗ್ಗುಲಿಗೇ ಸಾಣೆ ಹಿಡಿದಿದ್ದಾನೆ’ ಎಂದು ವ್ಯಾಪಾರಿಯ ಮನಸ್ಸು ಕರಗಿತು. ತಪ್ಪು ಚಾಕುವಿನಲ್ಲೇ ಇಷ್ಟು ಚೆನ್ನಾಗಿ ಕಸಿ ಕಟ್ಟಿದವನು ಸರಿಯಾದದ್ದರಲ್ಲಿ ಇನ್ನೆಷ್ಟು ಚೆನ್ನಾಗಿ ಕಟ್ಟಿಯಾನು! ಎಡ ಮಗ್ಗುಲನ್ನು ಕಲ್ಲಿಗೆ ಉಜ್ಜಿ ಉಜ್ಜಿ ಮಟ್ಟ ಮಾಡಿದ. ಬಲ ಮಗ್ಗುಲಿಗೆ ಸಾಣೆ ಕೊಟ್ಟ. ಬೆರಳಿನಲ್ಲಿ ಬೊಬ್ಬೆ ಎದ್ದಿತು. ಮೂರನೆಯ ಸಂಜೆ ಕಿವಿಯ ಹತ್ತಿರ ಮಡಚಿದ. ಅಂಥ ಸದ್ದನ್ನು ಅವನು ಅದುವರೆಗೆ ಕೇಳಿರಲಿಲ್ಲ.

ನಾಲ್ಕನೆಯ ದಿನ ತೋಟಗಾರ ಬಂದ. ವ್ಯಾಪಾರಿ ಚಾಕುವನ್ನು ನೆಲದ ಮೇಲಿಟ್ಟು, ಅವನ ಮುಖವನ್ನೇ ನೋಡುತ್ತ ಕೂತ. ತೋಟಗಾರ ಎತ್ತಿಕೊಂಡು, ಬಿಚ್ಚಿ, ಗಾಳಿಯಲ್ಲಿ ಒಂದು ಕಡ್ಡಿ ಕೊಯ್ದಂತೆ ಮಾಡಿದ. ಕೊಯ್ದದ್ದು ಎಡಗೈಯಲ್ಲಿ.

ಸಾಣೆ ಎಡ ಮಗ್ಗುಲಲ್ಲಿದ್ದದ್ದು ಯಾಕೆಂದು ವ್ಯಾಪಾರಿಗೆ ಆಗ ಹೊಳೆಯಿತು. ಗೆಳೆಯ ಊಟ ಮಾಡುವುದು ಬಲಗೈಯಲ್ಲಿ, ಹಣ್ಣು ಕೊಡುವುದು ಬಲಗೈಯಲ್ಲಿ. ಅವನು ಕೆಲಸ ಮಾಡುವುದನ್ನು ವ್ಯಾಪಾರಿ ನೋಡಿಯೇ ಇರಲಿಲ್ಲ. ಇಪ್ಪತ್ತು ವರ್ಷದಲ್ಲಿ ಒಂದು ದಿನವೂ ತೋಟಕ್ಕೆ ಹೋಗಿರಲಿಲ್ಲ.

ಅವನು ಎದ್ದು ಪೆಟ್ಟಿಗೆಯನ್ನೇ ಬಗಲಲ್ಲಿಟ್ಟುಕೊಂಡು ಗೆಳೆಯನ ಹಿಂದೆ ಹೊರಟ. ಆದರೆ ಅರವತ್ತರಲ್ಲಿ ಒಂದೂ ಎಡಗೈಯ ಕಸಿಗೆ ಆಗುವಂಥದ್ದಲ್ಲ. ತೋಟಗಾರ ತನ್ನ ಚಾಕುವಿನಲ್ಲೇ ನಾಲ್ಕು ಕಡ್ಡಿ ಕೊಯ್ದು ನೋಡಿದ. ನುಣುಪಾದ ಹಿಡಿಯ ಮೇಲೆ ಹೆಬ್ಬೆರಳು ನಿಲ್ಲಲಿಲ್ಲ. ಅಲಗು ಒಳಕ್ಕೆ ಎಳೆಯಿತು. ಕಡ್ಡಿಗೂ ಸಸಿಗೂ ನಡುವೆ ಬೆಳಕು ಕಾಣಿಸಿತು. ನಾಲ್ಕೂ ಹಾಳಾದವು. ಉಳಿದ ಎಂಟು ಆಗಲೇ ತುದಿಯಲ್ಲಿ ಬಾಡುತ್ತಿದ್ದವು.

“ಬೈದುಬಿಡಯ್ಯಾ,” ಎಂದ ವ್ಯಾಪಾರಿ. “ಸುಮ್ಮನಿರಬೇಡ.”

“ಬೈಯುವುದು ಆಮೇಲೆ, ಪುರಸೊತ್ತಾದಾಗ,” ಎಂದ ತೋಟಗಾರ. ಚಾಕುವನ್ನು ಒರೆಸಿ ಮಣ್ಣಿನ ಮೇಲಿಟ್ಟ. “ಇದು ಈಗ ನಿನ್ನ ಕೈಗೆ ಮಾಡಿದ ಚಾಕು. ತೆಗೆದುಕೋ, ನೀನೇ ಕೊಯ್ಯಿ.”

“ನಾನೇ? ನಾನು ಕಿತ್ತಳೆ ಸುಲಿದವನು ಅಷ್ಟೇ.”

“ಕಿತ್ತಳೆಗೆ ಅರವತ್ತು ಚಾಕು ಬೇಕಾಯಿತೇ ಸಾಹುಕಾರಾ? ಕೂತುಕೋ, ಕೂತುಕೋ. ಕಡ್ಡಿ ನಾನು ಹಿಡಿಯುತ್ತೇನೆ.”

ವ್ಯಾಪಾರಿ ಮಣ್ಣಿನಲ್ಲಿ ಕೂತ. ಒಬ್ಬ ಹಿಡಿದ, ಒಬ್ಬ ಕೊಯ್ದ. ‘ಒತ್ತಬೇಡ’ ಎಂದರೆ ಒತ್ತುತ್ತಿದ್ದ, ‘ಎಳೆ’ ಎಂದರೆ ನಿಲ್ಲಿಸುತ್ತಿದ್ದ. ತೋಟಗಾರನ ಬೆರಳಿಗೆ ಎರಡು ಸಲ ಚಾಕು ತಾಗಿತು. ಸಂಜೆಯ ಹೊತ್ತಿಗೆ ಎಂಟು ಸಸಿಗಳಿಗೂ ಕಸಿ ಕಟ್ಟಿದ್ದಾಯಿತು.

ಗುರುಗಳು ಕತೆ ನಿಲ್ಲಿಸಿದರು.

“ಹತ್ತಿದವೇ?” ಎಂದು ಮಂದಾಕಿನಿ ಕೇಳಿದಳು.

“ಎರಡು ಹತ್ತಿದವು. ಅವು ಚಿಗುರುವವರೆಗೂ ವ್ಯಾಪಾರಿ ವಾರಕ್ಕೊಮ್ಮೆ ತೋಟಕ್ಕೆ ಹೋಗಿ ಬರುತ್ತಿದ್ದ. ಬೈಗುಳವನ್ನೂ ಅಲ್ಲೇ ಕಂತಿನಲ್ಲಿ ತಿಂದ.”

ಮಂದಾಕಿನಿಗೆ ನಗು ಬಂತು. ನಾಲ್ಕು ದಿನದಲ್ಲಿ ಅವಳು ನಕ್ಕದ್ದು ಅದೇ ಮೊದಲು. “ಎಂಥ ಗೆಳೆಯ ಗುರುಗಳೇ ಅವನು! ಇಪ್ಪತ್ತು ವರ್ಷ ಪಕ್ಕದಲ್ಲಿ ಕೂತು ಉಂಡವನು ಎಡಚ ಎಂಬುದೂ ಗೊತ್ತಿರಲಿಲ್ಲವೇ?”

ಗುರುಗಳೂ ನಕ್ಕರು.

“ನೀಲವ್ವನಿಗೆ ಕಾಣದಿರುವುದು ಯಾವ ಕಣ್ಣು, ಹೇಳು ನೋಡೋಣ?”