ನಾಳಿನ ಮೆಣಸಿನಕಾಯಿ ದರ

ಒಣಮೆಣಸಿನಕಾಯಿ ಮಾರಿ ಮನೆಗೆ ತಾರಸಿ ಹಾಕಿಸಬೇಕೆಂದು ಫಕೀರವ್ವ ಪೇಟೆಗೆ ಬಂದಿದ್ದಳು. ವ್ಯಾಪಾರಿ ಅಂದಾನೆಪ್ಪ ಸಾಹುಕಾರರು ಚೀಲ ನೋಡಿದವರೇ ಲ್ಯಾಪ್‌ಟಾಪ್ ತೆರೆದು ಗಂಭೀರವಾಗಿ ಕೆಮ್ಮಿದರು.

"ಇದರಾಗ ಹತ್ತು ವರ್ಷದ ದರ ಐತಿ. ಲೆಕ್ಕ ಹಾಕಿ ಹೇಳೇತಿ, ನಾಳೆ ದರ ಅರ್ಧಕ್ಕ ಇಳೀತೈತಿ. ಇವತ್ತ ನಾ ಕೇಳಿದ್ದಕ್ಕ ಕೊಟ್ಟುಬಿಡು."

ಅವರು ಕೇಳಿದ ದರಕ್ಕೆ ತಾರಸಿಯಿರಲಿ, ತಗಡೂ ಬರುತ್ತಿರಲಿಲ್ಲ. ಫಕೀರವ್ವ ನಕ್ಕಳು.

"ಆತ್ರೀ ಸಾವ್ಕಾರ್ರ, ಕೊಡ್ತೀನಿ. ದರ ಹೆಂಗೂ ಇಳೀತೈತಲ್ಲ, ನಾಳೆ ಇವೇ ಚೀಲ ನನಗ ಅರ್ಧ ದರಕ್ಕ ತಿರುಗಿ ಕೊಡ್ತೀನಂತ ಎಲ್ಲಾರ ಮುಂದ ಮಾತು ಕೊಡ್ರಿ."

ಸುತ್ತ ನಿಂತ ಹಮಾಲರು ಕಿಸಕ್ಕನೆ ನಕ್ಕರು. "ಮಾತು ಕೊಡ್ರಿ ಸಾವ್ಕಾರ್ರ! ಕಂಪ್ಯೂಟರೇ ಹೇಳೇತಲ್ಲ!"

ಸಾಹುಕಾರರು ಬೆವರು ಒರೆಸಿಕೊಂಡು, ಲ್ಯಾಪ್‌ಟಾಪ್ ಮುಚ್ಚಿ ಮತ್ತೆ ತೆರೆದರು.

"ತಡಿ ತಂಗೀ, ಈಗಷ್ಟ ಹೊಸಾ ಲೆಕ್ಕ ಬಂತು. ದರ ಇವತ್ತ ಏರೇತಿ!"