ಎಳ್ಳುಬಾಯಿ

ಇದನ್ನ ಯಾರಿಗೂ ಹೇಳ್ಬೇಡ ಅಂತ ಲೈಬ್ರರಿ ಮೇಡಂ ನನ್ನ ಹತ್ರ ಭಾಷೆ ತಗೊಂಡಿದ್ರು. ಹೇಳ್ತಿದೀನಿ. ಅವರ ಹೆಸರು ಮಾತ್ರ ಹೇಳಲ್ಲ, ಊರೂ ಹೇಳಲ್ಲ.

ಕೇಳಿದ್ದು ನಾನೇ. ದೇಹದ ಬಗ್ಗೆ ಇರೋ ಪುಸ್ತಕ ವಾಪಸ್ ಕೊಡೋಕೆ ಹೋಗಿದ್ದೆ. "ಮೇಡಂ, ಕೆಲವು ಮಕ್ಕಳಿಗೆ ಏನೂ ನೋವಿಲ್ಲದಿದ್ರೂ ಕರುಳೊಳಗೆ ನೋಡ್ಬೇಕು ಅಂತ ಬರೆದಿದಾರೆ. ನೋವಿಲ್ಲದ ಮೇಲೆ ಯಾಕೆ ನೋಡ್ಬೇಕು?"

ಮೇಡಂ ಪುಸ್ತಕ ಪಕ್ಕಕ್ಕಿಟ್ಟು ಒಂದು ಕತೆ ಹೇಳಿದ್ರು.

ಒಬ್ಬಳು ಅಕ್ಕ, ಒಬ್ಬಳು ತಂಗಿ. ಇಬ್ಬರಿಗೂ ಒಂದೊಂದು ಹೆಣ್ಣು ಮಗು. ಎರಡೂ ಮಕ್ಕಳ ತುಟಿ ಮೇಲೆ ಕಪ್ಪು ಚುಕ್ಕೆ, ಕರಿ ಎಳ್ಳು ಅಂಟಿದ ಹಾಗೆ. ಒರೆಸಿದ್ರೆ ಹೋಗಲ್ಲ. ಆ ಮನೇಲಿ ಅದಕ್ಕೆ ಎಳ್ಳುಬಾಯಿ ಅಂತಿದ್ರು. ನಾವು ಹಿರಿಯರಿಗೆ ಎಳ್ಳುನೀರು ಬಿಡ್ತೀವಲ್ಲ, ಆ ಎಳ್ಳನ್ನ ಹಿರಿಯರು ವಾಪಸ್ ಕೊಟ್ಟಿದಾರೆ ಅಂತ ಅಜ್ಜಿ ಹೇಳೋಳು. ಸಂಕ್ರಾಂತಿಗೆ ಎಳ್ಳುಬೆಲ್ಲ ಮೊದಲು ಆ ಮಕ್ಕಳ ಕೈಗೇ.

ಅಕ್ಕನ ಮಗಳಿಗೆ ಒಂಬತ್ತು ವರ್ಷ. ಆಗಾಗ ಹೊಟ್ಟೆ ಹಿಡ್ಕೊಂಡು ಬಗ್ಗೋಳು. ಅಕ್ಕ, ಅಜ್ಜಿ ಸೇರಿ ಡಾಕ್ಟರ ಹತ್ರ ಕರ್ಕೊಂಡು ಹೋದ್ರು. ಡಾಕ್ಟರು ಹೊಟ್ಟೆ ಮುಟ್ಟೋಕೆ ಮುಂಚೆ ತುಟಿ ನೋಡಿದ್ರು.

"ಈ ಚುಕ್ಕೆ ಮನೇಲಿ ಇನ್ಯಾರಿಗಿದೆ ಅಜ್ಜಿ?"

ಅಜ್ಜಿಗೆ ಹೆಮ್ಮೆ. "ನಮ್ಮಪ್ಪಂಗಿತ್ತು. ನಮ್ಮಣ್ಣಂಗಿತ್ತು. ನಂಗೂ, ನನ್ನ ಇಬ್ಬರು ಹೆಣ್ಮಕ್ಕಳಿಗೂ ಚಿಕ್ಕೋರಿದ್ದಾಗ ಇತ್ತು, ಆಮೇಲೆ ಮಾಸಿತು. ನಿಮ್ಮ ಥರ ಬೋಳು ತುಟಿಯಲ್ಲ ಸ್ವಾಮಿ ನಮ್ಮದು."

"ಅಪ್ಪ, ಅಣ್ಣ ಹೇಗೆ ತೀರ್ಕೊಂಡ್ರು?"

"ಹೊಟ್ಟೆನೋವು," ಅಂದ್ಲು ಅಜ್ಜಿ. ಸ್ವಲ್ಪ ತಡೆದು, "ಇಬ್ಬರಿಗೂ," ಅಂದ್ಲು.

ಡಾಕ್ಟರು ಬಿಡಿಸಿ ಹೇಳಿದ್ರು. ಈ ಚುಕ್ಕೆ ವಂಶದಲ್ಲಿ ಬಂದಿದ್ರೆ, ಸಣ್ಣ ಕರುಳಲ್ಲಿ ತೊಟ್ಟಿನಿಂದ ನೇತಾಡೋ ದ್ರಾಕ್ಷಿ ಥರ ಗಂಟು ಬೆಳೆಯಬಹುದು. ಗಂಟು ದೊಡ್ಡದಾದ್ರೆ, ರವಿಕೆ ತೋಳು ಒಳಕ್ಕೆ ಮಡಚಿಕೊಂಡ ಹಾಗೆ ಕರುಳೊಳಗೆ ಕರುಳು ಸಿಕ್ಕಿಕೊಳ್ಳುತ್ತೆ. ಅಲ್ಲೀವರೆಗೂ ನೋವು ಬರಲೇಬೇಕು ಅಂತಿಲ್ಲ. ಒಳಗೆ ನೋಡೋಕೆ ಬಾಯಿಂದ ಇಳಿಸೋ ನಳಿಗೆ ನಡುವಿನವರೆಗೆ ಹೋಗಲ್ಲ. ಕೆಳಗಿಂದ ಹಾಕೋದೂ ಹೋಗಲ್ಲ. ನಡುವೆ ಇರೋದು ಒಂದು ಸೀರೆ ಉದ್ದದ ಕತ್ತಲೆ.

ಮಗಳು ಒಂದು ಗುಳಿಗೆ ನುಂಗಿದ್ಲು. ಅದರೊಳಗೆ ಒಂದು ದೀಪ, ಒಂದು ಕ್ಯಾಮೆರಾ.

ಅದು ತೆಗೆದ ಚಿತ್ರಗಳನ್ನ ಮಾರನೇ ದಿನ ಪರದೆ ಮೇಲೆ ತೋರಿಸಿದ್ರು. ಒಂಬತ್ತು ತಿಂಗಳು ಹೊತ್ತೋಳಿಗೂ ಕಾಣದ ಜಾಗ. ಗುಲಾಬಿ ಗೋಡೆ, ಮಖಮಲ್ಲಿನ ಹಾಗೆ. ಯಾರೂ ಹೋಗದ ದಾರೀಲಿ ಅಷ್ಟು ಚಿಕ್ಕ ದೀಪ ಒಂದೇ ಹೋಗಿತ್ತು. ಅಕ್ಕ ತನಗೇ ಗೊತ್ತಿಲ್ಲದೆ ಚಪ್ಪಲಿ ಬಿಟ್ಟು ನಿಂತಿದ್ಲು.

ಆಮೇಲೆ ಗಂಟು ಕಂಡವು. ಮೂರು. ಕರುಳು ಸಿಕ್ಕಿಕೊಳ್ಳೋ ಮುಂಚೆ ಅವನ್ನ ತೆಗೆದ್ರು. ಮಗಳು ನಡ್ಕೊಂಡೇ ಮನೆಗೆ ಬಂದ್ಲು.

ಅಕ್ಕ ಅವತ್ತೇ ತಂಗಿ ಮನೆಗೆ ಹೋದ್ಲು. "ನಿನ್ನ ಮಗಳನ್ನೂ ತೋರಿಸೇ. ಅವಳಿಗೂ ಇರಬಹುದು."

"ನೋಡಕ್ಕ, ಹೆಂಗೆ ಕುಣೀತಿದಾಳೆ! ಒಂದು ದಿನ ಹೊಟ್ಟೆನೋವು ಅಂದೋಳಲ್ಲ. ಹುಡುಕ್ತಾ ಹೋದ್ರೆ ಕಲ್ಲಿಗೂ ಕಾಯಿಲೆ ಸಿಗುತ್ತೆ. ಆಮೇಲೆ ಇವಳನ್ನ ಯಾರು ಮದುವೆ ಮಾಡ್ಕೋತಾರೆ?"

ಒಂದು ವಾರ ಬಿಟ್ಟು ಅಕ್ಕ ಮತ್ತೆ ಹೋದ್ಲು, ಡಾಕ್ಟರ ಚೀಟಿ ಹಿಡ್ಕೊಂಡು. ಬಾಗಿಲು ಹಾಕಿತ್ತು. ಕಿಟಕಿಯಿಂದ ಒಗ್ಗರಣೆ ವಾಸನೆ ಬರ್ತಿತ್ತು. ಬಾಗಿಲು ತಟ್ಟಿದ್ಲು. ತಂಗಿ ಹೆಸರು ಹಿಡಿದು ಕರೆದ್ಲು, ಮಗು ಹೆಸರು ಹಿಡಿದು ಕರೆದ್ಲು. ಯಾರೂ ಓಗೊಡಲಿಲ್ಲ.

"ಒಳಗೆ ಯಾರೂ ಇರಲಿಲ್ವಾ ಮೇಡಂ?" ಅಂದೆ.

"ನಾನಿದ್ದೆ, ಮಗಳ ಬಾಯಿ ಮುಚ್ಚಿ ಹಿಡ್ಕೊಂಡು."